ಬೀಗದವಳಿಗೆ ಬೀಗ ತೆಗೆಯಲು ಬಾರದ ದಿನ

ತಾತನ ಮನೆಗೆ ವಿದಾಯ ಹೇಳುವ ಕಾರ್ಯಕ್ರಮವನ್ನು ಅತ್ತೆ ಬೆಳಗ್ಗೆ ಹತ್ತಕ್ಕೆ ಇಟ್ಟುಕೊಂಡಿದ್ದರು. ಹೌದು, ಕಾರ್ಯಕ್ರಮವೇ. ಮನೆ ಮಾರಿಯಾಗಿದೆ, ಸಾಮಾನು ಲಾರಿ ಹತ್ತಿದೆ, ಹನ್ನೆರಡಕ್ಕೆ ಕೊಂಡವರ ಕೈಗೆ ಬೀಗದಕೈ ಒಪ್ಪಿಸಬೇಕು. ಅಷ್ಟರೊಳಗೆ ಎಲ್ಲರೂ ಒಂದೊಂದು ಕೋಣೆಯಲ್ಲಿ ನಿಂತು ಒಂದೊಂದು ನೆನಪು ಹೇಳಬೇಕು, ಅತ್ತೆ ಅದನ್ನು ಫೋನಿನಲ್ಲಿ ಹಿಡಿಯಬೇಕು. ಹತ್ತು ವರ್ಷದಿಂದ ಈ ಮನೆಯ ಕಡೆ ತಲೆಹಾಕಿಯೂ ಮಲಗದವರಿಗೆ ಅವತ್ತು ಕಂಡ ಕಂಡ ಗೋಡೆಯ ಮೇಲೆಲ್ಲ ಪ್ರೀತಿ ಉಕ್ಕುತ್ತಿತ್ತು.

ಮೊದಲ ಸರದಿ ದೊಡ್ಡಪ್ಪನದು. ಅಡುಗೆಮನೆಯ ಬಾಗಿಲಿಗೆ ಒರಗಿ, ಕನ್ನಡಕ ತೆಗೆದು, ಗಂಟಲು ಸರಿಮಾಡಿಕೊಂಡರು. ಚಿಕ್ಕವರಿದ್ದಾಗ ನಡುಮನೆಯಲ್ಲಿ ಕೂತು ಒಂದು ಕೂಗು ಹಾಕಿದರೆ ಸಾಕು, ಅಮ್ಮ, ಎಂದರೆ ನನ್ನ ಅಜ್ಜಿ, ಎಲ್ಲಿದ್ದರೂ ಓಡಿಬಂದು ನೀರು ಕೊಡುತ್ತಿದ್ದರಂತೆ. ಹೇಳುತ್ತಾ ಕಣ್ಣೊರೆಸಿಕೊಂಡರು. ಅತ್ತೆಯ ನೆನಪು ಬಚ್ಚಲುಮನೆಯದು. ಅಮ್ಮ ಸ್ನಾನಕ್ಕೆ ಹೋದರೆ ಇವರು ಹೊರಗಿನಿಂದ ಬಾಗಿಲು ಬಡಿಯುತ್ತಿದ್ದರಂತೆ, ಅಮ್ಮ ಅರ್ಧ ಸ್ನಾನದಲ್ಲೇ ಎದ್ದು ಬರುತ್ತಿದ್ದರಂತೆ. ಎಷ್ಟು ಮುದ್ದಾದ ನೆನಪು ನೋಡಿ ಎಂದು ಅದಕ್ಕೆ ಸರ್ಟಿಫಿಕೇಟನ್ನೂ ತಾವೇ ಕೊಟ್ಟುಕೊಂಡರು.

ನನ್ನ ಸರದಿ ಬರಲಿಲ್ಲ. ನಾನು ಬೀಗ ರಿಪೇರಿಯವಳು, ಮನೆತನದ ಮರ್ಯಾದೆಯ ಪ್ರಶ್ನೆ ಬೇರೆ. ಈ ಬೀದಿಗೆಲ್ಲ ಬೀಗ ಮಾಡಿಕೊಟ್ಟವರು ತೀರಿಹೋದ ನನ್ನ ತಾತ. ಅವರ ಮಕ್ಕಳು ಅಪ್ಪನ ಕೈಯ ಎಣ್ಣೆಜಿಡ್ಡಿಗೆ ಮೂಗು ಮುರಿದು, ಓದಿ, ಮೇಜು ಕುರ್ಚಿಯ ಕೆಲಸ ಹಿಡಿದರು. ಮೊಮ್ಮಗಳಾದ ನಾನು ಅದೇ ಅರ, ಅದೇ ತಂತಿ ಹಿಡಿದು ಅಂಗಡಿ ಇಟ್ಟೆ. ಅವತ್ತಿನಿಂದ ನಾನೇನು ಮಾಡುತ್ತೇನೆಂದು ಯಾರಾದರೂ ಕೇಳಿದರೆ ದೊಡ್ಡಪ್ಪ 'ಏನೋ ಸ್ವಂತ ಬಿಸಿನೆಸ್ಸು' ಎಂದು ಮಾತು ತೇಲಿಸುತ್ತಾರೆ.

ತಾತನದೊಂದು ಪದ್ಧತಿಯಿತ್ತು. ಹೊಸ ಬಗೆಯ ಬೀಗ ಮಾಡಿದರೆ ಮೊದಲು ಮನೆಯದೇ ಬಾಗಿಲಿಗೆ ಕೂರಿಸಿ ಒಂದು ವರ್ಷ ನೋಡುವುದು. ಹೀಗಾಗಿ ಒಳಗಿನ ಕೋಣೆಗಳಿಗೆಲ್ಲ ಬೀಗ, ಸಾಮಾನಿನ ಕೋಣೆಗೂ ಬೀಗ. ಆದರೆ ಮನೆಯಲ್ಲಿ ಜನ ಇರುವಾಗ ಒಂದನ್ನೂ ಹಾಕಕೂಡದೆಂದು ಅವರದೇ ಕಟ್ಟಪ್ಪಣೆ. ದಿನಕ್ಕೆ ಹತ್ತು ಸಲ ಬಂದು ತಿರುಗಿಸಿ ನೋಡುವವರು, ಒಳಗೆ ಯಾರಿದ್ದಾರೆ, ಮಲಗಿದ್ದಾರೋ ಎದ್ದಿದ್ದಾರೋ ಎಂಬ ಗೊಡವೆ ಅವರಿಗಿರಲಿಲ್ಲ. ಮನೆ ತುಂಬ ಬೀಗ, ಹಾಕಿಕೊಳ್ಳಲು ಮಾತ್ರ ಒಂದೂ ಇಲ್ಲ.

ಕೊನೆಯ ದೃಶ್ಯಕ್ಕೆ ಅಜ್ಜಿ ಬೇಕಾಯಿತು. ಗೋಡೆಗೆ ಕೆನ್ನೆಯಿಟ್ಟು ಅಜ್ಜಿ ಅಳಬೇಕು, ಹಿಂದಿನಿಂದ ಕಿಟಕಿಯ ಬೆಳಕು ಬೀಳಬೇಕು ಎಂದು ಅತ್ತೆ ಎಲ್ಲ ಯೋಚಿಸಿಟ್ಟಿದ್ದರು. ಹುಡುಕಿದರೆ ಅಜ್ಜಿ ಹಿಂದಿನ ಕೋಣೆಯಲ್ಲಿದ್ದಾಳೆ, ಬಾಗಿಲಿಗೆ ಒಳಗಿನಿಂದ ಬೀಗ ಬಿದ್ದಿದೆ, ಬೀಗದಕೈ ಗೊಂಚಲೂ ಒಳಗೇ ಇದೆ. ಎಷ್ಟು ಕರೆದರೂ ಮಾತಿಲ್ಲ. ಒಮ್ಮೆ ಕೆಮ್ಮಿದ್ದು ಕೇಳಿಸಿತು, ಅದೂ ಆರಾಮವಾಗಿ.

ಮನೆ ಕೊಂಡವರು ಹೊತ್ತಿಗೆ ಮುಂಚೆಯೇ ಬಂದು ನಿಂತಿದ್ದರು. ಇದನ್ನು ಕೆಡವಿ ಲಾಡ್ಜು ಕಟ್ಟುವವರು. ಅದರ ನಲವತ್ತು ಕೋಣೆಗಳ ಬೀಗದ ಕೆಲಸ ನನಗೇ ಎಂದು ಹಿಂದಿನ ವಾರ ಮಾತು ಕೊಟ್ಟಿದ್ದರು. ನನ್ನ ಅಂಗಡಿ ಕಂಡ ಅತಿ ದೊಡ್ಡ ಕೆಲಸ ಅದು. ಬಾಗಿಲು ಒಡೆದೇಬಿಡೋಣ ಎಂದು ದೊಡ್ಡಪ್ಪ ತೋಳು ಮಡಚಿದಾಗ ಅವರು ಹೌಹಾರಿದರು, ಹಳೇ ಮರದ ಬಾಗಿಲುಗಳನ್ನು ಆಗಲೇ ಬೇರೆ ಯಾರಿಗೋ ಕೊಡುವುದಾಗಿ ಒಪ್ಪಿಯಾಗಿತ್ತು. ಆಗ ಎಲ್ಲರಿಗೂ ಒಟ್ಟಿಗೇ ಜ್ಞಾನೋದಯವಾಗಿ ನನ್ನ ಕಡೆ ತಿರುಗಿದರು. ನಮ್ಮ ಹುಡುಗಿಯೇ ಇದ್ದಾಳಲ್ಲ, ಬೀಗದ ವಿಷಯದಲ್ಲಿ ಎತ್ತಿದ ಕೈ ಎಂದರು ದೊಡ್ಡಪ್ಪ. ಹದಿನೈದು ವರ್ಷದಲ್ಲಿ ಮೊದಲ ಸಲ ನನ್ನ ಕಸುಬಿನ ಹೆಸರು ಅವರ ಬಾಯಲ್ಲಿ ಬಂತು.

ಮೊಣಕಾಲೂರಿ ಕೊಕ್ಕೆತಂತಿ ಒಳಗೆ ಬಿಟ್ಟೆ. ತಾತ ನನಗೆ ಕೆಲಸ ಕಲಿಸಿದ್ದೇ ಈ ಬೀಗದ ಮೇಲೆ. ಬೀಗವನ್ನು ಒಳಗೆ ಹಿಡಿದಿಡುವ ನಾಲ್ಕು ಲಿವರುಗಳಲ್ಲಿ ಮೂರು ಸಲೀಸಾಗಿ ಎದ್ದವು. ಇನ್ನೊಂದು ಎದ್ದರೆ ಮುಗಿಯಿತು. ಅಷ್ಟರಲ್ಲಿ ಬಾಗಿಲಿನ ಆಚೆ, ಬೀಗದ ಪಕ್ಕದಲ್ಲೇ, ಅಜ್ಜಿಯ ಮೆಲುದನಿ ಕೇಳಿಸಿತು.

"ಯಾರು, ನೀನೇನೇ?"

"ಹೂಂ ಅಜ್ಜಿ."

"ಹಾಗಿದ್ರೆ ಎರಡೇ ನಿಮಿಷದಲ್ಲಿ ತೆಗೆದುಬಿಡ್ತೀಯ."

ಹೊಗಳಿದ್ದಲ್ಲ ಅದು. ಉಣ್ಣಲು ಕೂತವರ ಮುಂದಿನ ತಟ್ಟೆ ಎತ್ತಿಕೊಂಡರೆ ಬರುವಂಥ ದನಿ. ನನ್ನ ಕೈ ನಿಂತುಹೋಯಿತು. ಎತ್ತಿದ್ದ ಮೂರು ಲಿವರುಗಳನ್ನೂ ಕೆಳಗೆ ಬಿಟ್ಟೆ, ಹಿಂದಕ್ಕೆ ತಿರುಗಿ, ಸ್ವಲ್ಪ ಕಷ್ಟ ಇದೆ ಎಂದೆ.

ಆಮೇಲೆ ಶುರುವಾಯಿತು ನನ್ನ ನಾಟಕ. ತಂತಿಯನ್ನು ಬೇಕೆಂದೇ ತಪ್ಪು ದಿಕ್ಕಿಗೆ ತಿರುಗಿಸಿದೆ, ಕೆಳಗೆ ಬೀಳಿಸಿದೆ, ಎಣ್ಣೆ ಕೇಳಿದೆ. ಎಣ್ಣೆ ಲಾರಿಯೊಳಗೆ ಎಲ್ಲೋ ತಳಕ್ಕೆ ಸೇರಿತ್ತು, ಒಳ್ಳೆಯದೇ ಆಯಿತು. ಅರ್ಧ ಗಂಟೆ ಕಳೆಯಿತು. ಇಷ್ಟು ವರ್ಷ ಅಂಗಡಿ ಇಟ್ಟುಕೊಂಡು ಅದೇನು ಕಡಿದು ಕಟ್ಟೆ ಹಾಕಿದಳೋ ಎಂದು ದೊಡ್ಡಪ್ಪ ನನಗೆ ಕೇಳಿಸಲೆಂದೇ ಗೊಣಗಿದರು. ಎತ್ತಿದ ಕೈ ಆಗಲೇ ಇಳಿದಾಗಿತ್ತು. ಅತ್ತೆ ಮಾತ್ರ ನನ್ನ ಸೋಲನ್ನೂ ಬಿಡದೆ ಫೋನಿನಲ್ಲಿ ಹಿಡಿದುಕೊಂಡರು.

ಕೊಂಡವರು ಗಡಿಯಾರ ನೋಡಿದರು, ಕಿಟಕಿಯ ಬಳಿ ಸರಿದು ಯಾರಿಗೋ ಫೋನು ಮಾಡಿದರು. ನಲವತ್ತು ಬಾಗಿಲು, ಕೆಲಸ ಗೊತ್ತಿರುವವರು ಬೇಕು ಎಂದದ್ದು ನನ್ನ ಕಿವಿಗೆ ಸ್ಪಷ್ಟವಾಗಿ ಬಿತ್ತು. ಸುಳ್ಳೇಕೆ ಹೇಳಲಿ, ಆ ನಲವತ್ತು ಬಾಗಿಲು ನನಗೆ ಬೇಕಿತ್ತು. ಆ ಬೀಗವನ್ನು ನಾನು ಕಣ್ಣು ಮುಚ್ಚಿಕೊಂಡು ತೆಗೆಯಬಲ್ಲೆ. ಬೆರಳಿನ ಒಂದು ಅಲುಗಾಟ ಸಾಕಿತ್ತು. ಬೆರಳು ಎರಡು ಸಲ ಅಲ್ಲಿಗೆ ಹೋಗಿಯೂ ಬಂತು.

ಕೊನೆಗೆ ಬೇಸತ್ತು ಎಲ್ಲರೂ ಮೂಲೆಯ ಅಂಗಡಿಗೆ ಟೀ ಕುಡಿಯಲು ಹೋದರು. ನಾನು ಬಾಗಿಲಿಗೆ ಬಾಯಿ ಹಚ್ಚಿದೆ.

"ಅಜ್ಜಿ, ಅಳ್ತಿದ್ದೀಯಾ?"

"ನಾನ್ಯಾಕೆ ಅಳ್ಲಿ? ಕಾಲು ಚಾಚ್ಕೊಂಡು ಕೂತಿದ್ದೀನಿ."

"ಮನೆ ಬಿಟ್ಟು ಹೋಗ್ಬೇಕಲ್ಲ ಅಂತ ಬೇಜಾರಿಲ್ವಾ?"

"ಹೋದ್ರೆ ಹೋಗ್ಲಿ ಬಿಡೇ. ಐವತ್ತೆಂಟು ವರ್ಷ ಇದ್ದೆ ಇಲ್ಲಿ. ಬಾಗಿಲು ಹಾಕ್ಕೊಂಡು ಒಂದು ಗಳಿಗೆ ಸುಮ್ನೆ ಕೂತಿದ್ದು ಇವತ್ತೇ ಮೊದಲು. ಈ ಕೋಣೆಗೆ ಮಧ್ಯಾಹ್ನದ ಹೊತ್ತಿಗೆ ಬಿಸಿಲು ಬರುತ್ತೆ ಅಂತಾನೇ ನಂಗೆ ಗೊತ್ತಿರ್ಲಿಲ್ಲ ಕಣೇ."

ನಾವೆಲ್ಲ ಅಜ್ಜಿಗೆ ಈ ಮನೆಯೆಂದರೆ ಪ್ರಾಣ ಎಂದುಕೊಂಡಿದ್ದೆವು. ನಾವೆಂದರೆ ನಾನೂ. ದೊಡ್ಡಪ್ಪನನ್ನು ಆಡಿಕೊಳ್ಳುವ ನಾನೇನು ಕಡಿಮೆಯೇ? ಬಾಚಣಿಗೆ ಎಲ್ಲಿದೆ, ನನ್ನ ಪುಸ್ತಕ ಎಲ್ಲಿದೆ ಎಂದು ಇದೇ ಮನೆಯಲ್ಲಿ ಸಾವಿರ ಸಲ ಅರಚಿದ್ದೇನೆ, ಸಾವಿರ ಸಲವೂ ಅಜ್ಜಿ ಕೈಯಲ್ಲಿದ್ದ ಕೆಲಸ ಬಿಟ್ಟು ಬಂದಿದ್ದಾಳೆ. ನನಗೆ ನಾಚಿಕೆಯಾಯಿತು.

"ನಿಮ್ಮ ದೊಡ್ಡಪ್ಪನ ಮನೇಲಿ ನಂಗೇಂತ ಜಾಗ ಮಾಡಿದ್ದಾರಂತಲ್ಲ," ಎಂದಳು ಅಜ್ಜಿ. "ನೀನು ನೋಡಿದ್ದೀಯಾ? ಬಾಗಿಲು ಗಟ್ಟಿ ಇದ್ಯಾ?"

ನೋಡಿದ್ದೆ. ಟಿ.ವಿ.ಗೂ ಊಟದ ಮೇಜಿಗೂ ನಡುವೆ ಒಂದು ಮಂಚ. ಸುತ್ತ ಹೂವಿನ ಚಿತ್ತಾರದ ಬಟ್ಟೆ ಇಳಿಬಿಟ್ಟು, ಅಮ್ಮನಿಗೆ ಒಳ್ಳೇ ಗಾಳಿ ಆಡುತ್ತದೆ ಎಂದು ದೊಡ್ಡಪ್ಪ ಹೆಮ್ಮೆಯಿಂದ ತೋರಿಸಿದ್ದರು. ನನ್ನಲ್ಲಿಗೆ ಬಾ ಎನ್ನೋಣವೆಂದರೆ ನಾನಿರುವುದು ಅಂಗಡಿಯ ಹಿಂದೆ, ಇನ್ನೊಂದು ಚಾಪೆ ಹಾಸಿದರೆ ಮಲಗಿದವರ ಕಾಲು ರಸ್ತೆಗೆ ಬರುತ್ತದೆ. ಇದೆ ಅಜ್ಜಿ, ಗಟ್ಟಿ ಬಾಗಿಲಿದೆ ಎಂದು ಹೇಳಿಬಿಡಬಹುದಿತ್ತು.

"ಬಾಗಿಲಿಲ್ಲ ಅಜ್ಜಿ. ಪರದೆ ಹಾಕಿದ್ದಾರೆ."

ಟೀ ಮುಗಿಸಿದವರ ಮಾತು ಅಂಗಳದವರೆಗೆ ಬಂತು.

"ಹಾಗಿದ್ರೆ ಇನ್ನೊಂದು ಅರ್ಧ ಗಂಟೆ ಒದ್ದಾಡು ಕಣೇ," ಎಂದಳು ಅಜ್ಜಿ.

ದೊಡ್ಡಪ್ಪ ಒಳಗೆ ಬಂದು ಆಯಿತೇ ಎಂದು ಕೇಳಿದರು. ಹಿಂದೆ ನಿಂತಿದ್ದ ಕೊಂಡವರಿಗೂ ಕೇಳಿಸುವ ಹಾಗೆ, ಈ ಬೀಗ ತೆಗೆಯುವಷ್ಟು ಕೆಲಸ ನನಗೆ ಬರುವುದಿಲ್ಲ ಎಂದು ಹೇಳಿದೆ.