ನಾನೀಗ ಎಷ್ಟು?

ಫ್ರಿಜ್ ರಿಪೇರಿಯವನಿಗೆ ಜನ ಐಸಪ್ಪ ಅಂತ ಹೆಸರಿಟ್ಟಿದ್ದರು. ಅವನೂ ಅದನ್ನೇ ಅಂಗಡಿ ಬೋರ್ಡಿಗೆ ಬರೆಸಿಕೊಂಡಿದ್ದ. ಇಪ್ಪತ್ತೆರಡು ವರ್ಷದ ಕಸುಬು. ಕೈಗೆ ಬಂದ ಯಾವ ಯಂತ್ರವೂ ಸರಿಹೋಗದೆ ವಾಪಸು ಹೋಗಿಲ್ಲ ಅನ್ನೋ ಜಂಭ ಬೇರೆ. ಹೆಂಡತಿಗೆ ಕಾಯಿಲೆ ಬಂದಾಗ ಆ ಜಂಭವೆಲ್ಲ ಇಳಿದುಹೋಯಿತು.

ಅವಳ ತಲೆಯೊಳಗಿನ ಗೆಡ್ಡೆ ತೆಗೆದ ಮೇಲೆ ಡಾಕ್ಟರಮ್ಮ ಅವನನ್ನು ಕೂರಿಸಿಕೊಂಡು ಹೇಳಿದ್ದರು: “ಮೆದುಳಿನ ಬುಡದಲ್ಲಿ ಹೈಪೋಥಲಾಮಸ್ ಅಂತ ಬಾದಾಮಿಯಷ್ಟು ಜಾಗ ಇದೆ. ಅಲ್ಲಿನ ಜೀವಕೋಶಗಳು ರಕ್ತದ ಬಿಸಿ ನೋಡ್ತಾನೇ ಇರ್ತವೆ. ಜಾಸ್ತಿಯಾದ್ರೆ ಬೆವರಿಸ್ತವೆ, ಕಮ್ಮಿಯಾದ್ರೆ ನಡುಗಿಸ್ತವೆ. ಗೆಡ್ಡೆ ಅವನ್ನೇ ಹಾಳುಮಾಡಿದೆ. ಇನ್ಮೇಲೆ ಇವರಿಗೆ ಬೆವರೂ ಇಲ್ಲ, ನಡುಕವೂ ಇಲ್ಲ. ಚಳಿ, ಸೆಖೆ ಅನ್ನಿಸೋದೂ ಇಲ್ಲ. ಕೋಣೆ ಹೇಗೋ ಮೈ ಹಾಗೆ.”

“ಅಂದ್ರೆ ಥರ್ಮೋಸ್ಟಾಟ್ ಹೋಗಿದೆ. ಬೇರೆ ಹಾಕೋಕಾಗಲ್ವಾ ಮೇಡಂ?” ಅಂದ ಐಸಪ್ಪ.

“ಇಲ್ಲಪ್ಪ” ಅಂದರು ಡಾಕ್ಟರಮ್ಮ.

“ನಮ್ಮನೇಲಿ ಇರಲಿ ಕಣೋ, ನೋಡೋಕೆ ನಾಲ್ಕು ಜನ ಇದ್ದೀವಿ” ಅಂತ ಅವನ ಅಕ್ಕ ಕರೆದಳು. “ಊರಿನ ಫ್ರಿಜ್ಜೆಲ್ಲ ನೋಡ್ಕೊಳ್ಳೋನಿಗೆ ಹೆಂಡ್ತಿ ಒಬ್ಬಳು ಹೆಚ್ಚಾ?” ಅಂತ ಅವಳ ಬಾಯಿ ಮುಚ್ಚಿಸಿದ. ಅಂಗಡಿಯನ್ನೇ ಮನೆಯ ಮುಂದಿನ ಕೋಣೆಗೆ ತಂದ. ಮಲಗೋ ಕೋಣೆಗೆ ಎಸಿ ಹಾಕಿದ, ಹೀಟರ್ ಇಟ್ಟ. ಗಂಟೆಗೊಮ್ಮೆ ಅವಳ ಕಂಕುಳಿಗೆ ಥರ್ಮಾಮೀಟರ್. ಪಾಪ, ಅವಳೇ ತಮಾಷೆ ಮಾಡೋಳು.

“ಏನ್ರೀ, ನಾನೀಗ ಎಷ್ಟು?”

“ಮೂವತ್ತಾರೂವರೆ ಡಿಗ್ರಿ, ಸರಿಯಾಗಿದೆ.”

“ಪರವಾಗಿಲ್ವೇ, ಬದುಕಿದ್ದೀನಿ!”

ಎಂಟು ತಿಂಗಳು ಹೀಗೇ ನಡೆಯಿತು. ಒಂದು ಮಧ್ಯಾಹ್ನ, ಸುಡು ಬಿಸಿಲಿನಲ್ಲಿ, ಐಸಪ್ಪ ಒಬ್ಬನೇ ಒಂದು ದೊಡ್ಡ ಫ್ರೀಜರನ್ನು ವ್ಯಾನಿನಿಂದ ಇಳಿಸಿ ಒಳಗೆಳೆದ. ಬೆವರು ಧಾರಾಕಾರ. ಉಸ್ಸಪ್ಪಾ ಅಂತ ಅವಳ ಕೋಣೆಗೆ ಬಂದು ಎಸಿಯನ್ನು ಹದಿನಾರಕ್ಕೆ ಇಳಿಸಿದ. ಐದೇ ನಿಮಿಷ ಅಂದುಕೊಂಡು ನೆಲಕ್ಕೆ ಬೆನ್ನು ಹಚ್ಚಿದ. ಎದ್ದಿದ್ದು ಮೂರು ಗಂಟೆ ಬಿಟ್ಟು, ಗಡಗಡ ನಡುಗುತ್ತಾ. ಅವನ ಮೈ ಅವನನ್ನು ಎಬ್ಬಿಸಿತು. ಅವಳ ಮೈಗೆ ಅದು ಬರುತ್ತಿರಲಿಲ್ಲ.

ಮಂಚದ ಮೇಲಿದ್ದ ಅವಳನ್ನು ಮುಟ್ಟಿ ನೋಡಿದ. ಅವನ ಕೈಯೇ ತಣ್ಣಗಿತ್ತಲ್ಲ, ಏನು ಗೊತ್ತಾಗಬೇಕು? ಕರೆದರೆ ನಿದ್ದೆಗಣ್ಣಲ್ಲಿ ಏನೋ ತೊದಲಿದಳು. ಎಸಿ ಆರಿಸಿ ಥರ್ಮಾಮೀಟರ್ ಇಟ್ಟ. ಅಂಕಿಯೇ ಬರಲಿಲ್ಲ, ಒಂದು ಅಕ್ಷರ ಬಂತು.

ಅವನ ಕಸುಬಿನ ಹಳೇ ಚಾಳಿ ನೋಡಿ: ಲೆಕ್ಕ ತಪ್ಪಿದರೆ ಮೊದಲು ಮೀಟರಿನ ಮೇಲೆ ಅನುಮಾನ. “ಬ್ಯಾಟರಿ ಹೋಗಿದೆ ದರಿದ್ರದ್ದು” ಅಂತ ಬೈಯುತ್ತಾ ರಸ್ತೆ ಕೊನೆಯ ಅಂಗಡಿಗೆ ಓಡಿದ. ಅಂಗಡಿಯವನು ಡಬ್ಬಿಯೆಲ್ಲ ತಡಕಿ ಬ್ಯಾಟರಿ ಹುಡುಕಿಕೊಡುವಷ್ಟರಲ್ಲಿ ಅರ್ಧ ಗಂಟೆ ಹಾಳಾಯಿತು. ಬಂದು ಹೊಸದು ಹಾಕಿಟ್ಟರೆ ಮತ್ತೆ ಅದೇ ಅಕ್ಷರ! ಸಿಟ್ಟು ಬಂದು ತನ್ನ ಕಂಕುಳಿಗೆ ಇಟ್ಟುಕೊಂಡ. ಮೂವತ್ತಾರು ಪಾಯಿಂಟ್ ನಾಲ್ಕು.

ಮೀಟರಿಗೆ ಏನೂ ಆಗಿರಲಿಲ್ಲ. ಆ ಅಕ್ಷರ ‘ಎಲ್’, ಅಂದರೆ ಲೋ: ಅದು ಅಳೆಯೋ ಮಟ್ಟಕ್ಕಿಂತ ಕೆಳಗೆ ಇವಳು ಹೋಗಿದ್ದಳು. ಫ್ರಿಜ್ ಅಳೆಯೋ ಥರ್ಮಾಮೀಟರನ್ನೇ ಚೀಲದಿಂದ ತೆಗೆದು ಹೆಂಡತಿಗೆ ಇಟ್ಟ. ಮೂವತ್ತೊಂದು.

ಆಸ್ಪತ್ರೆಯಲ್ಲಿ ಬಿಸಿಗಾಳಿ ತುಂಬಿದ ಹೊದಿಕೆ ಹೊದಿಸಿದರು. ಸುದ್ದಿ ಕೇಳಿ ಅಕ್ಕ ಓಡಿಬಂದು ಅವನ ಬೆನ್ನ ಹಿಂದೆ ನಿಂತು ಅವನ ತಲೆ ನೇವರಿಸಿದಳು. ಬೈದಿದ್ದರೆ ಚೆನ್ನಾಗಿತ್ತು. ಐಸಪ್ಪ ಮಾನಿಟರ್ ಪರದೆಯ ಮೇಲಿನ ಅಂಕಿಯನ್ನೇ ನೋಡುತ್ತಾ ಕೂತ. ಮೂವತ್ತಮೂರು. ಎಷ್ಟೋ ಹೊತ್ತಿಗೆ ಮೂವತ್ತೈದು. ಮೂವತ್ತೇಳು ಬಂದಾಗ “ಬಂತು, ಬಂತು!” ಅಂತ ಮಗುವಿನ ಹಾಗೆ ಕೂಗಿದ. ನರ್ಸ್ ಬಂದು ಹೊದಿಕೆ ತೆಗೆಯುವಷ್ಟರಲ್ಲಿ ಮೂವತ್ತೆಂಟು ದಾಟಿತ್ತು. ತೆಗೆದ ಮೇಲೂ ಏರುತ್ತಲೇ ಇತ್ತು. ಸಾಕು ಅನ್ನೋರು ಅವಳೊಳಗೆ ಯಾರೂ ಇರಲಿಲ್ಲ. ನರ್ಸ್ ಒದ್ದೆ ಬಟ್ಟೆ ತರಲು ಓಡಿದಳು.

ಆಗ ಅವಳು ಕಣ್ಣು ಬಿಟ್ಟಳು.

“ಏನ್ರೀ... ನಾನೀಗ ಎಷ್ಟು?”

ಪರದೆಯಲ್ಲಿ ಮೂವತ್ತೊಂಬತ್ತು.

“ಮೂವತ್ತಾರೂವರೆ ಕಣೆ” ಅಂದ.

“ಪರವಾಗಿಲ್ವೇ” ಅಂದು ನಂಬಿ ಕಣ್ಣು ಮುಚ್ಚಿದಳು. ಕೇಳಿ ತಿಳಿದುಕೊಳ್ಳೋಕೆ ಅವಳಿಗೆ ಇದ್ದವನು ಅವನೊಬ್ಬನೇ.