ನಮ್ಮ ಮೆಟ್ಟಿಲಿಗೂ ಅನುದಾನ ಇದೆಯಂತೆ

ಮೂರನೇ ಮಹಡಿಯಿಂದ ಅತ್ತೆಯನ್ನು ಕೆಳಗಿಳಿಸಬೇಕೆಂದರೆ ಇಬ್ಬರು ಗಂಡಸರು, ಒಂದು ಪ್ಲಾಸ್ಟಿಕ್ ಕುರ್ಚಿ ಮತ್ತು ಕಟ್ಟಡದವರೆಲ್ಲರ ಸಲಹೆ ಬೇಕಾಗುತ್ತಿತ್ತು. ಸಲಹೆ ಮಾತ್ರ ಕೇಳದೆಯೇ ಸಿಗುತ್ತಿತ್ತು.

ಅದು ನಗರಸಭೆಯವರದೇ ಹಳೆಯ ಬಾಡಿಗೆ ಕಟ್ಟಡ. ಹದಿನೆಂಟು ಮನೆ, ಒಂದೇ ಮೆಟ್ಟಿಲು. ಆ ಮೆಟ್ಟಿಲಿಗೆ ಹಿಡಿದುಕೊಳ್ಳಲು ಕಂಬಿ ಇಲ್ಲ, ತಿರುವಿನಲ್ಲಿ ಬಲ್ಬ್ ಇಲ್ಲ. ಅಂಚುಗಳೂ ಅಲ್ಲಲ್ಲಿ ಕಳಚಿವೆ. ಹೋದ ವರ್ಷ ಅದರ ಮೇಲೆ ಕಾಲು ಜಾರಿ ಅತ್ತೆ ಬಿದ್ದರು, ಸೊಂಟದ ಮೂಳೆ ಮುರಿಯಿತು. ಮೂಳೆ ಕೂಡಿಕೊಂಡಿತು. ಮೆಟ್ಟಿಲು ಹಾಗೇ ಇತ್ತು. ಅಂದಿನಿಂದ ಅತ್ತೆಗೆ ಆಸ್ಪತ್ರೆ ಬಿಟ್ಟರೆ ಬೇರೆ ಪ್ರಪಂಚವಿಲ್ಲ.

ಸೊಸೆ ಮನೆಯಲ್ಲೇ ಹೊಲಿಗೆ ಕೆಲಸ ಮಾಡುವವಳು. ಮೆಟ್ಟಿಲು ಸರಿಮಾಡಿಸಿ ಎಂದು ಕೇಳಲು ನಗರಸಭೆಗೆ ನಾಲ್ಕು ಸಲ ಹೋಗಿ ಬಂದಿದ್ದಳು. ಒಂದನೇ ಕಿಟಕಿಯವರು ಮೂರನೇ ಕಿಟಕಿಗೆ ಕಳಿಸಿದರು. ಮೂರನೆಯವರು ಒಮ್ಮೆ ಊಟಕ್ಕೆ ಹೋಗಿದ್ದರು, ಇನ್ನೊಮ್ಮೆ ಐದನೇ ಕಿಟಕಿಗೆ ಕಳಿಸಿದರು. ಐದನೇ ಕಿಟಕಿಯಾತ ತಲೆಯೂ ಎತ್ತದೆ, "ಅನುದಾನ ಇಲ್ಲಮ್ಮ" ಎಂದ.

ಆವತ್ತು ಮಧ್ಯಾಹ್ನ ಅವಳು ಹೊಲಿಗೆ ಯಂತ್ರದ ಮೇಲೆ ತನ್ನ ಸಿಟ್ಟನ್ನೆಲ್ಲ ತೀರಿಸಿಕೊಳ್ಳುತ್ತಿದ್ದಳು. ಒಂದು ಸೂಜಿ ಆಗಲೇ ಮುರಿದಿತ್ತು. ಬೀದಿಯ ಕೊನೆಯಲ್ಲಿರುವ ಗ್ರಂಥಾಲಯ ನೋಡಿಕೊಳ್ಳುವಾಕೆ ಕಿಟಕಿ ಪರದೆ ತೆಗೆದುಕೊಂಡು ಹೋಗಲು ಬಂದರು. ಎಲ್ಲರೂ ಅವರನ್ನು ಲೈಬ್ರರಿ ಅಕ್ಕ ಎನ್ನುತ್ತಿದ್ದರು.

"ಯಾಕಮ್ಮ, ಪರದೆ ಹೊಲೀತಿದೀಯೋ, ಯಾರನ್ನಾದ್ರೂ ಚುಚ್ತಿದೀಯೋ?"

"ಅನುದಾನ ಇಲ್ವಂತೆ ಅಕ್ಕ. ನಾಲ್ಕು ದಿನದ ಕೆಲಸ ಹಾಳು ಮಾಡ್ಕೊಂಡು ಹೋದದ್ದಕ್ಕೆ ಎರಡು ಪದದ ಉತ್ತರ."

"ಇಲ್ಲ ಅಂದ್ರಾ? ಕೇಂದ್ರ ಸರ್ಕಾರದಿಂದ ಈ ವರ್ಷ ವಸತಿಗೆ, ಬಡಾವಣೆ ಅಭಿವೃದ್ಧಿಗೆ ಅಂತ ಅನುದಾನ ಮಂಜೂರಾಗಿದೆ. ನೋಟಿಸು ನಮ್ಮ ಲೈಬ್ರರಿ ಬೋರ್ಡಿನ ಮೇಲೇ ಇದೆ. ಹನ್ನೆರಡು ದಿನ ಆಯ್ತು."

"ಹಾಗಾದ್ರೆ ಆ ಮನುಷ್ಯ ಸುಳ್ಳು ಹೇಳಿದ್ನಾ?"

"ಸುಳ್ಳಲ್ಲ, ಅರ್ಧ ಮಾತು. ಮೆಟ್ಟಿಲಿಗೆ ಅಂತ ಇನ್ನೂ ಇಟ್ಟಿಲ್ಲ. ಬೇಕು ಅಂತ ಯಾರೂ ಬರೆದುಕೊಟ್ಟಿಲ್ವಲ್ಲ! ನೋಡು, ದುಡ್ಡು ಕೇಂದ್ರದ್ದು, ಅದಕ್ಕೆ ಷರತ್ತು ಇದೆ. ಅದರಲ್ಲಿ ದೊಡ್ಡ ಪಾಲು ಕಮ್ಮಿ ಆದಾಯದವರಿಗೆ ಉಪಯೋಗ ಆಗ್ಬೇಕು. ಹಳೇ ಮನೆ ರಿಪೇರಿ, ಕೈಗೆಟುಕೋ ಬಾಡಿಗೆಯ ಹೊಸ ಮನೆ, ಚರಂಡಿ, ಬೀದಿ ದೀಪ, ಇಂಥದ್ದಕ್ಕೆಲ್ಲ ಬರುತ್ತೆ. ಆದ್ರೆ ಯಾವ ಬೀದಿಗೆ, ಯಾವ ಕಟ್ಟಡಕ್ಕೆ ಅಂತ ತೀರ್ಮಾನ ಮಾಡೋದು ನಮ್ಮ ನಗರಸಭೆ. ಅದಕ್ಕೆ ಮುಂಚೆ ಕರಡು ಪಟ್ಟಿ ಹಾಕಿ, ಸಭೆ ಕರೆದು, ಜನರನ್ನ ಕೇಳಲೇಬೇಕು."

"ನಮ್ಮನ್ನ ಯಾವತ್ತು ಕೇಳಿದಾರೆ?"

"ಪ್ರತಿ ವರ್ಷ ಕೇಳ್ತಾರೆ. ಹೋದ ವರ್ಷ ಸಭೆಗೆ ಬಂದೋರು ಮೂರೇ ಜನ. ನಾನು, ಬಿಸಿಲು ತಡೀಲಾರದೆ ಒಳಗೆ ಬಂದು ಕೂತ ಒಬ್ಬ ತಾತ, ಆಮೇಲೆ ಉದ್ಯಾನದ ಎದುರು ಮನೆಯವರು. ಅದಕ್ಕೇ ಉದ್ಯಾನಕ್ಕೆ ಕಲ್ಲು ಬೆಂಚು ಬಂತು. ಈ ವರ್ಷದ ಕರಡಲ್ಲಿ ಕಾರಂಜಿ ಇದೆ."

ಒಳಗಿನ ಕೋಣೆಯಿಂದ ಅತ್ತೆಯ ದನಿ ಬಂತು. "ಆ ಸಭೆಗಿಭೆ ಎಲ್ಲ ಕಣ್ಣೊರೆಸೋ ಆಟ ಕಣೇ! ಅವರು ಮೊದಲೇ ಬರೆದಿಟ್ಟಿರ್ತಾರೆ. ಸುಮ್ನೆ ಹೊಲಿಗೆ ನೋಡ್ಕೋ."

"ಸಭೆ ಯಾವಾಗ ಅಕ್ಕ?"

"ಬುಧವಾರ, ಬೆಳಿಗ್ಗೆ ಹನ್ನೊಂದಕ್ಕೆ."

"ದುಡಿಯೋರು ಯಾರು ಹನ್ನೊಂದು ಗಂಟೆಗೆ ಬರ್ತಾರೆ? ಬೇಕು ಬೇಕಂತಲೇ ಇಟ್ಟಿದಾರೇನೋ!"

"ಬೈಯೋದನ್ನ ಅಲ್ಲಿಗೆ ಬಂದು ಬೈ. ಬರೋಕಾಗದವರು ಬರೆದುಕೊಡಬಹುದು. ಬಂದ ಪ್ರತಿ ಕಾಗದಕ್ಕೂ ಅವರು ಉತ್ತರ ಬರೀಬೇಕು, ಅದು ನಿಯಮ. ಆದ್ರೆ ಬರೀ ಗೋಳು ಬರೀಬೇಡ. ಏನು ಹಾಳಾಗಿದೆ, ಎಷ್ಟು ಜನಕ್ಕೆ ತೊಂದರೆ, ಏನು ಮಾಡಬೇಕು, ಅಷ್ಟನ್ನ ಲೆಕ್ಕವಾಗಿ ಬರಿ."

ಅಳತೆ ತೆಗೆಯುವುದನ್ನು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಸಂಜೆ ಟೇಪು ಹಿಡಿದು ಮೆಟ್ಟಿಲಿಗೆ ಇಳಿದಳು. ಅವಳು ಒಂದೊಂದರ ಎತ್ತರವನ್ನೂ ಅಳೆದು ಕೂಗುತ್ತಿದ್ದಳು. ಅತ್ತೆ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಗೊಣಗುತ್ತಲೇ ಬರೆದುಕೊಳ್ಳುತ್ತಿದ್ದರು.

"ಏಳು ಇಂಚು! ಮುಂದಿನದು ಹನ್ನೊಂದು!"

"ಹನ್ನೊಂದಾ? ಸರಿಯಾಗಿ ನೋಡೇ!"

"ಹನ್ನೊಂದೇ ಅತ್ತೆ! ನೀವು ಬಿದ್ದದ್ದು ಇದರ ಮೇಲೇ!"

ಕಾಲು ಜಾರಿದ್ದು ತನ್ನದೇ ತಪ್ಪೆಂದು ಅತ್ತೆ ಒಂದು ವರ್ಷದಿಂದ ನಂಬಿದ್ದರು. "ಹನ್ನೊಂದು," ಎಂದು ತಾವೇ ಇನ್ನೊಮ್ಮೆ ಹೇಳಿಕೊಂಡು, ಕೆಳಗೊಂದು ಗೆರೆ ಎಳೆದರು.

ಸಹಿ ಹಾಕಿಸುವುದು ಅಳತೆಗಿಂತ ಕಷ್ಟವಾಯಿತು. ಒಬ್ಬರು "ಮೊದಲು ಪಕ್ಕದ ಮನೆಯವರು ಹಾಕ್ಲಿ" ಎಂದರು. ಪಕ್ಕದ ಮನೆಯವರು "ಕೊನೆಗೆ ಹಾಕ್ತೀವಿ" ಎಂದರು. ನೆಲಮಹಡಿಯ ಗ್ಯಾರೇಜ್ ಮೆಕ್ಯಾನಿಕ್ ಅಂತೂ, "ನಾನು ಮೆಟ್ಟಿಲೇ ಹತ್ತಲ್ಲ, ನನಗ್ಯಾಕೆ?" ಎಂದುಬಿಟ್ಟ.

ಅತ್ತೆ ಮೂರನೇ ಮಹಡಿಯಿಂದಲೇ ಅರಚಿದರು. "ಮುಂದಿನ ಸಲ ನಾನು ಉರುಳಿದ್ರೆ ನಿನ್ನ ಬಾಗಿಲಿಗೇ ಬಂದು ಬೀಳೋದು, ತಿಳ್ಕೋ!"

ಅವನು ತೆಪ್ಪಗೆ ಸಹಿ ಹಾಕಿದ.

ಬುಧವಾರ ಸಭಾಂಗಣದಲ್ಲಿ ನಲವತ್ತು ಕುರ್ಚಿ, ಒಂಬತ್ತು ಜನ. ವಸತಿ ವಿಭಾಗದ ಅಧಿಕಾರಿ ಕರಡು ಪಟ್ಟಿಯನ್ನು ಒಂದೇ ಉಸಿರಿನಲ್ಲಿ ಓದಿದರು. ಕಾರಂಜಿಯ ಹೆಸರು ಬಂದಾಗ ಅವಳು ಎದ್ದು ನಿಂತಳು.

"ಸಾರ್, ಕಾರಂಜಿ ಚೆನ್ನಾಗೇ ಇರುತ್ತೆ. ಆದ್ರೆ ಅದನ್ನ ನೋಡೋಕೆ ನಮ್ಮತ್ತೆ ಕೆಳಗೆ ಇಳಿದು ಬರಬೇಕಲ್ಲ."

ಅಳತೆಯ ಹಾಳೆ, ಹದಿನೆಂಟು ಮನೆಯವರ ಸಹಿ ಮೇಜಿನ ಮೇಲಿಟ್ಟಳು. ಅಧಿಕಾರಿ ತಿರುವಿ ನೋಡಿದರು. ಹನ್ನೊಂದರ ಕೆಳಗಿನ ಗೆರೆಯ ಹತ್ತಿರ ಅವರ ಬೆರಳು ನಿಂತಿತು.

"ಇದನ್ನ ಮುಂಚೇನೇ ಯಾಕೆ ಹೇಳಲಿಲ್ಲ ಅಮ್ಮ?"

ಅವಳ ತಾಳ್ಮೆ ಅಲ್ಲಿಗೆ ಮುಗಿಯಿತು. "ನಾಲ್ಕು ಸಲ ಹೇಳಿದೀನಿ ಸಾರ್! ಒಂದನೇ ಕಿಟಕಿಗೆ ಹೇಳಿದೆ, ಮೂರನೇದಕ್ಕೆ ಹೇಳಿದೆ, ಐದನೇದಕ್ಕೆ ಹೇಳಿದೆ. ಬಾಗಿಲಿನ ಕಾವಲುಗಾರನಿಗೂ ಹೇಳಿದೀನಿ. ಅವನೊಬ್ಬನೇ ಅಯ್ಯೋ ಪಾಪ ಅಂದಿದ್ದು!"

"ಕಿಟಕೀಲಿ ಹೇಳಿದ್ದು ದೂರಿನ ಪುಸ್ತಕಕ್ಕೆ ಹೋಗುತ್ತೆ. ಇಲ್ಲಿ ಕೊಟ್ಟರೆ ಮಾತ್ರ ಅನುದಾನದ ದಾಖಲೆಗೆ ಸೇರುತ್ತೆ."

"ಆ ಒಂದು ಸಾಲನ್ನ ಕಿಟಕಿ ಮೇಲೆ ಬರೆದು ಹಾಕಿದ್ರೆ ನಿಮ್ಮ ಗಂಟೇನು ಹೋಗುತ್ತಿತ್ತು ಸಾರ್?"

ಹಿಂದೆ ಕುಳಿತ ಯಾರೋ ನಕ್ಕರು. ಅಧಿಕಾರಿ ಪೆನ್ನು ತೆಗೆದು ಅದನ್ನೂ ಬರೆದುಕೊಂಡರು.

ಮೂರು ವಾರಕ್ಕೆ ಕಾಗದ ಬಂತು. ಮೆಟ್ಟಿಲು, ಕಂಬಿ, ದೀಪ ಈ ವರ್ಷದ ಪಟ್ಟಿಯಲ್ಲಿ ಸೇರಿವೆ. ಕಾರಂಜಿ ಮುಂದಕ್ಕೆ ಹೋಗಿದೆ. ಅವಳು ಕೊನೆಯ ಸಾಲಿನಲ್ಲಿ ಬರೆದಿದ್ದ ಬೀದಿಯ ಚರಂಡಿಯನ್ನು ಮುಂದಿನ ವರ್ಷ ಪರಿಶೀಲಿಸುತ್ತಾರಂತೆ. ಕಾಗದ ಬಂದ ಮಾತ್ರಕ್ಕೆ ಕೆಲಸ ಆಗಲಿಲ್ಲ. ಎರಡು ಸಲ ನಿಂತಿತು, ಒಮ್ಮೆ ಸಿಮೆಂಟ್ ಮೂಟೆ ಮಳೆಗೆ ನೆನೆದು ಕಲ್ಲಾಯಿತು. ಪ್ರತಿ ಸಲವೂ ಅವಳು ಆ ಕಾಗದ ಹಿಡಿದು ಹೋದಳು. ಈಗ ಅವಳನ್ನು ಕಿಟಕಿಯಿಂದ ಕಿಟಕಿಗೆ ಓಡಿಸಲು ಆಗುತ್ತಿರಲಿಲ್ಲ.

ಕಾಗದ ಬಂದ ಏಳನೇ ತಿಂಗಳಲ್ಲಿ ಒಂದು ಬೆಳಿಗ್ಗೆ ಅತ್ತೆ ಬಲಗೈಯಲ್ಲಿ ಕಂಬಿ ಹಿಡಿದು, ಎಡಗೈಯಿಂದ ಸೊಸೆಯನ್ನು ದೂರ ತಳ್ಳಿ, ಒಂದೊಂದೇ ಮೆಟ್ಟಿಲು ಇಳಿದರು. ಬೀದಿಗೆ ಬಂದು ನಿಂತು ಅತ್ತ ಇತ್ತ ನೋಡಿದರು. ಸೊಸೆಯ ಕಣ್ಣು ತುಂಬಿಬಂದಿತ್ತು. ಅತ್ತೆ ಮೂಗು ಮುಚ್ಚಿಕೊಂಡರು.

"ಥೂ, ಈ ಚರಂಡಿ ವಾಸನೆಯಲ್ಲಿ ಮನುಷ್ಯರು ಇರ್ತಾರೇನೇ? ಮುಂದಿನ ಸಭೆ ಯಾವಾಗ? ನಾನೇ ಬರ್ತೀನಿ ನಡಿ."

ಓದುವವರೇ, ಕೇಳುವವರೇ, ನಿಮ್ಮ ಊರಿನ ಸ್ಥಳೀಯ ಆಡಳಿತಕ್ಕೂ ವಸತಿಗೆ, ಬಡಾವಣೆಗೆ ಎಂದು ಮೇಲಿನ ಸರ್ಕಾರದಿಂದ ಹಣ ಬರುತ್ತಿರಬಹುದು. ನಿಯಮ ಒಂದೊಂದು ಕಡೆ ಒಂದೊಂದು ರೀತಿ. ಆದ್ದರಿಂದ ನಾಳೆಯೇ ಹೋಗಿ ಇಷ್ಟು ಕೇಳಿ: ಈ ವರ್ಷ ಎಷ್ಟು ಬಂತು, ಪಟ್ಟಿಯಲ್ಲಿ ಏನಿದೆ, ಜನರ ಸಭೆ ಯಾವತ್ತು? ಹೋಗಲಾಗದಿದ್ದರೆ ಬರೆದುಕೊಡಿ, ಕೊಟ್ಟದ್ದಕ್ಕೆ ಸ್ವೀಕೃತಿ ತೆಗೆದುಕೊಳ್ಳಿ. ಆ ಸಭೆಯಲ್ಲಿ ನಿಮ್ಮ ಕುರ್ಚಿ ಖಾಲಿ ಇದ್ದರೆ, ನಿಮಗೆ ಏನು ಬೇಕೆಂದು ಪಕ್ಕದ ಕುರ್ಚಿಯವರು ಹೇಳುವುದಿಲ್ಲ. ಅವರಿಗೆ ಕಾರಂಜಿ ಬೇಕಿರುತ್ತದೆ.