ಪಟ್ಟಿಯಲ್ಲಿಲ್ಲದ ಹೆಸರು

ಗೋಡೆಗೆ ಒರಗಿಸಿ ಕೂರಿಸಿದ್ದ ಗಂಡನ ಹಣೆಗೆ ಅನ್ನಮ್ಮ ವಿಭೂತಿ ಬಳಿಯುತ್ತಿದ್ದಾಗ ಹುಣಸಗಿಯ ಮಲ್ಲಾಬಾಯಿ ಬಾಗಿಲಲ್ಲಿ ಬಂದು ನಿಂತಳು. ಮೊದಲು ನೋಡಿರಲಿಲ್ಲ, ಆದರೂ ಗುರುತು ಸಿಕ್ಕಿತು. ಜಂಪರಿಗೆ ಪೆನ್ನು ಸಿಕ್ಕಿಸಿಕೊಂಡ ಹದಿನೆಂಟರ ಹುಡುಗಿ ಸುರಪುರದ ಆ ಓಣಿಗೆ ಮತ್ತಾರು ಬಂದಾರು? ಅನ್ನಮ್ಮನ ಕೈ ಅಲ್ಲೇ ನಿಂತಿತು.

"ಬಸ್ಸು ತಡಾ ಆತ್ರಿ ಅಮ್ಮ," ಎಂದು ಮಲ್ಲಾಬಾಯಿ ಅತ್ತಳು. "ನನಗ ಓದಾಕ ಕಲಿಸಿದವ್ರು ಇವ್ರ."

"ಎಲ್ಲಾರಿಗೂ ಕಲಿಸ್ಯಾನ," ಎಂದಳು ಅನ್ನಮ್ಮ. "ಊರಿಗೆ ಉಪಕಾರಿ, ಮನಿಗೆ ಮಾರಿ."

"ಹೆಣದ ಮುಂದ ಹಂಗ ಅನಬಾರ್ದವ್ವ," ಎಂದು ನೆರೆಮನೆಯ ಕಲ್ಯಾಣಮ್ಮ ತಿವಿದಳು.

ಅನ್ನಮ್ಮನ ಗಂಡ ಜಗದೇವಪ್ಪ ಮಾಸ್ತರನ ಕೆಲಸ ಓದನ್ನು ಅಳೆಯುವುದು. ನಿಜಾಮನ ಆಳ್ವಿಕೆ ಹೋಗಿ, ಉರ್ದು ಶಾಲೆಗಳು ಕನ್ನಡವಾಗಿ, ಸೀಮೆ ಮೈಸೂರಿಗೆ ಸೇರುವ ಹೊತ್ತಿಗೆ ಎಷ್ಟು ಮಕ್ಕಳಿಗೆ ಕನ್ನಡ ಓದಲು ಬರುತ್ತದೆ ಎಂಬ ಲೆಕ್ಕ ಕಚೇರಿಗೆ ಬೇಕಾಯಿತು. ಅವನು ಸೈಕಲ್ಲಿನ ಮೇಲೆ ಹಳ್ಳಿ ಹಳ್ಳಿಗೆ ಹೋಗಿ, ಒಂದೊಂದು ಮಗುವನ್ನೂ ಎದುರಿಗೆ ನಿಲ್ಲಿಸಿ ಓದಿಸಿ, ಪಟ್ಟಿಯ ಪುಸ್ತಕದಲ್ಲಿ ಹೆಸರಿನ ಮುಂದೆ ಅಂಕಿ ಹಾಕುತ್ತಿದ್ದ; ಬಾರದವರಿಗೆ ಕೂತು ಕಲಿಸುತ್ತಲೂ ಇದ್ದ. ಅಕ್ಷರ ಬಂದರೆ ಒಂದು, ಪದಕ್ಕೆ ಎರಡು, ಸಾಲಿಗೆ ಮೂರು, ಇಡೀ ಕಥೆ ಓದಿದರೆ ನಾಲ್ಕು.

ಊಟಕ್ಕೆ ಕೂತರೂ ಅದೇ ಮಾತು. "ಮಲ್ಲಾಬಾಯಿ ಒಂದ ವರ್ಷದಾಗ ಒಂದರಿಂದ ನಾಕಕ್ಕ ಬಂದಾಳ ನೋಡು." ರೊಟ್ಟಿ ಬಡಿಯುತ್ತಿದ್ದ ಅನ್ನಮ್ಮನಿಗೆ ಹೊಟ್ಟೆ ಉರಿಯುತ್ತಿತ್ತು. ಸುಳ್ಳೇಕೆ, ಆ ಹುಡುಗಿಗೆ ಕಲಿತದ್ದೆಲ್ಲ ಮರೆತುಹೋಗಲಿ ಎಂದು ಒಮ್ಮೆ ಹರಕೆ ಹೊತ್ತದ್ದೂ ಉಂಟು.

*

ಸಂಜೆ ಕಟ್ಟೆಯ ಮೇಲೆ ಮಾಸ್ತರ ಓಣಿಯ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿಸುವಾಗ ಅನ್ನಮ್ಮ ಎದುರು ಕೂತು ಜೋಳ ಹಸನು ಮಾಡುತ್ತಿದ್ದಳು. ಪುಸ್ತಕ ನಡುವೆ ಇರುತ್ತಿತ್ತು. ಎರಡು ವರ್ಷ ನೋಡಿ ನೋಡಿ ಅವಳಿಗೂ ಅಕ್ಷರ ಕೂಡಿದವು. ಒಂದು ದಿನ ಧೈರ್ಯ ಮಾಡಿ ಪುಸ್ತಕ ಎತ್ತಿಕೊಂಡಳು.

"ನನ್ನೂ ಓದಿಸ್ರಿ. ಪಟ್ಟಿಯಾಗ ಹೆಸರು ಬರೀರಿ."

ನಾಲ್ಕು ಸಾಲು ಓದುವಷ್ಟರಲ್ಲಿ ಅವನು ನಕ್ಕುಬಿಟ್ಟ. "ಪುಸ್ತಕ ತಲಿಕೆಳಗ ಹಿಡ್ದೀಯಲ್ಲ. ಬಾಯಿಪಾಠಕ್ಕ ನಾ ಅಂಕಿ ಹಾಕಂಗಿಲ್ಲ."

ಎದುರಿನಿಂದ ಕಲಿತವಳಿಗೆ ಅಕ್ಷರ ಬರುವುದೇ ತಲೆಕೆಳಗಾಗಿ. ಅದನ್ನು ಬಿಡಿಸಿ ಹೇಳಲು ಅವಳಿಗೆ ಬರಲಿಲ್ಲ, ಸಾವಿರ ಮಕ್ಕಳ ಕಳ್ಳಾಟ ಹಿಡಿದವನಿಗೆ ಹೆಂಡತಿಯ ನಿಜ ಹೊಳೆಯಲಿಲ್ಲ. ಮತ್ತೆ ಅವಳು ಕೇಳಲಿಲ್ಲ. ಮುಂದೆಂದಾದರೂ ತಿಳಿದುಕೊಂಡು ಬರೆದಿರಬಹುದು ಎಂಬ ಆಸೆ ಮಾತ್ರ ಹೋಗಲಿಲ್ಲ. ಅಚ್ಚಿನ ಅಕ್ಷರ ಓದುವ ಅವಳಿಗೆ ಅವನ ಅವಸರದ ಕೈಬರಹ ತಲೆಗೆ ಹತ್ತುತ್ತಿರಲಿಲ್ಲ.

*

ರುದ್ರಭೂಮಿಯಲ್ಲಿ ಮಾಸ್ತರನನ್ನು ಗುಂಡಿಯೊಳಗೆ ಕೂರಿಸಿ, ಜಂಗಮ ಅಯ್ಯನವರು ಬಿಲ್ವಪತ್ರಿ ಏರಿಸಿದರು. ಮೈದುನ ಪಂಪಣ್ಣ ಅನ್ನಮ್ಮನ ಹತ್ತಿರ ಬಂದ.

"ಅತ್ತಿಗಿ, ಪಟ್ಟಿ ಮಲ್ಲಾಬಾಯಿ ಕೈಯಾಗ ಕೊಡು. ಇನ್ನ ಆ ಕೆಲಸ ಆಕೀದು. ಅಣ್ಣ ಹಾಸಿಗಿ ಹಿಡ್ದಾಗ ಕಚೇರಿ ಹುಕುಂ ಆಗೇದ."

ಬೆಳಗಿನಿಂದ ಸೆರಗಿನಡಿ ಅವುಚಿಕೊಂಡಿದ್ದ ಪಟ್ಟಿಯನ್ನು ಅನ್ನಮ್ಮ ಇನ್ನೂ ಬಿಗಿ ಹಿಡಿದಳು. ನಾಲ್ಕರ ಅಂಕಿಯೂ ಇವಳಿಗೆ, ಪಟ್ಟಿಯೂ ಇವಳಿಗೆ. ಆದರೆ ಅದನ್ನು ಓದಿ ಹೇಳಬಲ್ಲವಳೂ ಇವಳೇ. ನಾಚಿಕೆ ನುಂಗಿಕೊಂಡು ಚಾಚಿದಳು.

"ಇದರಾಗ ಅನ್ನಮ್ಮ ಅಂತ ಐತೇನು, ನೋಡು."

ಮಲ್ಲಾಬಾಯಿ ಮಣ್ಣಿನ ಗುಡ್ಡೆಯ ಪಕ್ಕ ಕೂತು ಒಂದೊಂದೇ ಹಾಳೆ ತಿರುವಿದಳು. ಜನ ಕಾದರು.

"ಇಲ್ರಿ ಅಮ್ಮ," ಎಂದಳು ಕೊನೆಗೆ. "ನಾ ಬರೀಲೇನ್ರಿ?"

"ಓದಿಸದ ಬರದ್ರ ಆತ ಎದ್ದು ಬಂದಾನ. ಓದಿಸು."

"ಮಣ್ಣು ಕೊಡೂ ಹೊತ್ತು ಇದೇನು ಅತ್ತಿಗಿ," ಎಂದ ಪಂಪಣ್ಣ.

ಬಾಯಿಪಾಠದ ಅನುಮಾನ ಬಂದರೆ ಹೊಸ ಸಾಲು ಬರೆದು ಓದಿಸಬೇಕು, ಅದು ಮಾಸ್ತರನೇ ಕಲಿಸಿದ್ದು. ಮಲ್ಲಾಬಾಯಿ ಪಟ್ಟಿಯ ಕೊನೆಯ ಖಾಲಿ ಹಾಳೆಯಲ್ಲಿ ದುಂಡಗೆ ಒಂದು ಸಾಲು ಬರೆದು ಕೊಟ್ಟಳು. ಅನ್ನಮ್ಮ ಪಟ್ಟಿಯನ್ನು ತಿರುಗಿಸಿ ತಲೆಕೆಳಗೆ ಹಿಡಿದಳು.

"ತಲಿ ಕೆಟ್ಟೈತಿ ಪಾಪ," ಎಂದಳು ಕಲ್ಯಾಣಮ್ಮ.

"ಮಾ... ಮಾಸ್ತರರ," ಎಂದು ಅನ್ನಮ್ಮ ಬೆರಳಿಟ್ಟು ಓದಿದಳು. "ಬುತ್ತಿಯ... ರೊ... ರೊಟ್ಟಿ ನಾವೂ ತಿಂದೆವು."

ಓದಿ ತಲೆ ಎತ್ತಿದಳು. "ನನ್ನ ರೊಟ್ಟಿ ನೀವು ತಿಂದ್ರಿ?"

"ಬಂದಾಗೆಲ್ಲ ಹಂಚ್ತಿದ್ರು."

"ಅದಕ್ಕ ಮನಿಗೆ ಬಂದು ಮತ್ತ ನಾಕು ತಿಂತಿದ್ದ."

ಮಲ್ಲಾಬಾಯಿ ಪಟ್ಟಿ ತೆಗೆದುಕೊಂಡು ಅನ್ನಮ್ಮ ಎಂದು ಬರೆದು, ಮುಂದೆ ಅಂಕಿ ಹಾಕಿದಳು. ಅನ್ನಮ್ಮ ಬಗ್ಗಿ ನೋಡಿದಳು.

"ಮೂರ? ನಿನಗ ನಾಕು ಕೊಟ್ಟಿದ್ದ."

"ಕಥಿ ಓದಿಸಿಲ್ಲಲ್ರಿ."

ಅನ್ನಮ್ಮನಿಗೆ ಸಿಟ್ಟು ಬಂತು. ಅವನು ಇದ್ದಿದ್ದರೂ ಅಷ್ಟೇ ಹಾಕುತ್ತಿದ್ದ ಎಂದೂ ಅನಿಸಿತು. ಪಟ್ಟಿಯನ್ನು ಅವಳ ಕೈಯಿಂದ ಕಿತ್ತುಕೊಂಡು ಗುಂಡಿಯ ಅಂಚಿಗೆ ಹೋಗಿ ಕುಕ್ಕರುಗಾಲಲ್ಲಿ ಕೂತಳು. ಎದುರು ಕೂತ ಗಂಡನಿಗೆ ನೆಟ್ಟಗೆ ಕಾಣುವಂತೆ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದಳು.

ಅಯ್ಯನವರು ಒಂದು ಹಿಡಿ ಮಣ್ಣು ತಂದು ಅವಳ ಪಕ್ಕ ನಿಂತರು. "ಆತೇನವ್ವ?"

"ತಡೀರಿ," ಎಂದಳು ಅನ್ನಮ್ಮ. "ಮಸಿ ಆರ್ಲಿ."